ಸುಮ್ಮನಿರಬೇಕಾದ ಗಿಟಾರ್

ಸ್ನೇಹಿತರೇ, ಇಂದು ನಮ್ಮ ಮೂರು ಜನರ ಬ್ಯಾಂಡ್ ಒಡೆದುಹೋಗುವುದರಲ್ಲಿತ್ತು. ಕೊಳ್ಳೇಗಾಲದ ನಮ್ಮ ಮನೆಯ ತಾರಸಿಯಲ್ಲಿ ಅಭ್ಯಾಸಕ್ಕೆ ಸೇರಿದ್ದೆವು. ಬೇಸ್ ಗಿಟಾರ್ ನನ್ನದು, ಡ್ರಮ್ಸ್ ಹನೂರಿನ ಶಿಲ್ಪಾಳದು, ಗಿಟಾರ್ ಕುಂತೂರಿನ ಮಾದೇಶನದು. ನಾನು ಮೆಚ್ಚುವ ಫಂಕ್ ರಾಕ್ ಬ್ಯಾಂಡೊಂದರ ಗಿಟಾರಿಸ್ಟ್ ಬಗ್ಗೆ ಮಾತು ಬಂತು. ಆತ ತಾಳಕ್ಕೆ ಸರಿಯಾಗಿ ಎರಡು ಸ್ವರ ಮೀಟಿ ಸುಮ್ಮನಾಗುತ್ತಾನೆ.

“ಅದೂ ಒಂದ್ ಬಾರ್ಸೋದೇನ್ಲಾ? ತಂತಿ ಕೆರ್ಕಂಡ್ ಕೂತವ್ನೆ,” ಎಂದ ಮಾದೇಶ. ಮಿಂಚಿನ ವೇಗದಲ್ಲಿ ಸೋಲೊ ನುಡಿಸುವವರೇ ಅವನ ಪಾಲಿಗೆ ದೇವರು.

“ಅಂಗಾದ್ರೆ ನೀನೂ ಕೆರಿ, ನೋಡವ,” ಎಂದೆ.

“ಅದೇನ್ ಮಹಾ. ಬಾರ್ಸಕ್ ಬರ್ದೇ ಓದ್ರೆ ಬ್ಯಾಂಡ್ ಬುಟ್ಟೋಯ್ತೀನಿ.”

ಶಿಲ್ಪಾ ತಾಳ ಹಿಡಿದಳು. ಮಾದೇಶ ಮೊದಮೊದಲು ಚೆನ್ನಾಗಿಯೇ ನುಡಿಸಿದ. ಆಮೇಲೆ, ಖಾಲಿ ಬಿಡಬೇಕಾದ ಜಾಗದಲ್ಲೆಲ್ಲ ಅವನ ಬೆರಳು ತಾನಾಗಿಯೇ ಓಡತೊಡಗಿ ತಾಳ ತಪ್ಪಿತು. ಗಿಟಾರನ್ನು ಚೀಲಕ್ಕೆ ತುಂಬಿ ಮೆಟ್ಟಿಲಿಳಿದ. ಬ್ಯಾಂಡ್ ಮುಗಿಯಿತು ಎಂದುಕೊಂಡೆ. ಶಿಲ್ಪಾ ಮಾತ್ರ ತಾಳ ನಿಲ್ಲಿಸಲಿಲ್ಲ. ನಾನೂ ಬೇಸ್ ಬಿಡಲಿಲ್ಲ.

ಸ್ವಲ್ಪ ಹೊತ್ತಿಗೆ ಮಾದೇಶ ಮತ್ತೆ ಮೇಲೆ ಬಂದ. “ಕಲ್ತೇ ಓಯ್ತೀನಿ, ನಿಲ್ಲಿಸ್ಬ್ಯಾಡಿ,” ಎಂದು ಕೂತ. ಸಂಜೆಯ ಹೊತ್ತಿಗೆ ಅವನ ಮಣಿಕಟ್ಟು ನೋಯುತ್ತಿತ್ತು, ಆದರೆ ತಾಳ ಕೂತಿತ್ತು.

“ಈಗ್ಲಾದ್ರೂ ಒಪ್ಕತೀಯಾ?” ಎಂದೆ.

“ಕಷ್ಟ ಅಂತ ಒಪ್ಕತೀನಿ. ಅವ್ನು ದೊಡ್ಡೋನು ಅಂತ ಒಪ್ಕಳಕಿಲ್ಲ ಕಣ್ಲಾ.”

ವಾದ ಹಾಗೇ ಉಳಿದಿದೆ, ಬ್ಯಾಂಡೂ ಉಳಿದಿದೆ. ಇಡೀ ಮಧ್ಯಾಹ್ನ ನಮ್ಮನ್ನು ಕೇಳಿಸಿಕೊಂಡ ಪಕ್ಕದ ಮನೆಯ ಅಜ್ಜಿಯ ಪ್ರಕಾರ, ಒಳ್ಳೆಯ ಗಿಟಾರಿಸ್ಟ್ ಇನ್ನೂ ಹುಟ್ಟಿಯೇ ಇಲ್ಲವಂತೆ.