ಹದಿಮೂರು ಸೆಕೆಂಡಿನ ಲೈಸೆನ್ಸ್

ಇಂಗ್ಲೆಂಡಿನಲ್ಲಿ ಓದುತ್ತಿರುವ ಮಗಳು ಒಂದು ಕಾಗದದ ಫೋಟೋ ಕಳಿಸಿದಾಗ ನಾನು ಒಮಾನಿನ ಅಲ್ ಮಬೇಲಾದ ನಮ್ಮ ಫ್ಲಾಟಿನಲ್ಲಿ ಕಾಲು ಚಾಚಿ ಕೂತು, ಒಳಗೆ ಹುರಿಯುತ್ತಿದ್ದ ಬಂಗುಡೆಗೆ ಕಾಯುತ್ತಿದ್ದೆ. ಈ ವಿಳಾಸದಲ್ಲಿ ಟಿ.ವಿ. ಲೈಸೆನ್ಸ್ ಇಲ್ಲ, ಬೇಕೋ ಬೇಡವೋ ತಿಳಿಸಿ ಎಂದು ಆ ಕಾಗದ ಕೇಳುತ್ತಿತ್ತು. ಅದರ ಕೆಳಗೆ ಮಗಳ ಪ್ರಶ್ನೆ: ‘ಪಪ್ಪ, ನನಗೆ ಇದು ಬೇಕಾಗ್ತದಾ?’

ನನಗಾದ ಸಂತೋಷ ಅಷ್ಟಿಷ್ಟಲ್ಲ. ಕಾಗದವೆಂದರೆ ನನ್ನ ಕಸುಬು. ಬೌಷರಿನ ಒಂದು ಕಂಪನಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಇನ್ನೂರು ಜನರ ವೀಸಾ, ರೆಸಿಡೆಂಟ್ ಕಾರ್ಡು, ಗಾಡಿಗಳ ದಾಖಲೆ ಎಲ್ಲವನ್ನೂ ಸಿದ್ಧ ಮಾಡುವವನು ನಾನು. ಸರಕಾರಿ ಕಚೇರಿಗಳಿಗೆ ಅವನ್ನು ಹೊತ್ತು ತಿರುಗುವವನು ನಮ್ಮ ಕಂಪನಿಯ ಒಮಾನಿ ಮಂದೂಬ್. ಊರವರೆಲ್ಲ ಪಾಸ್‌ಪೋರ್ಟ್ ಹಿಡಿದು ನನ್ನ ಮನೆಗೇ ಬರುತ್ತಾರೆ. ನಮ್ಮದೇ ಪಾಸ್‌ಪೋರ್ಟುಗಳು ಮಾತ್ರ ಅವಧಿ ಮುಗಿಯುವ ವಾರದಲ್ಲಿ ನನಗೆ ನೆನಪಾಗುತ್ತವೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹೆಂಡತಿ ಹೇಳುವುದು ಅದಕ್ಕೇ.

ಮಗಳ ಪ್ರಶ್ನೆಗೆ ನಾನು ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. ‘ನಿನ್ನ ರೂಮಿನಲ್ಲಿ ಟಿ.ವಿ. ಇಲ್ಲ. ಹಾಗಾಗಿ ಲೈಸೆನ್ಸೂ ಬೇಡ. ಕಾಗದ ಹರಿದು ಬಿಸಾಡು’ ಎಂದು ಬರೆದೆ. ನನ್ನ ತರ್ಕ ಗಟ್ಟಿಯಾಗಿತ್ತು. ನಾನು ಚಿಕ್ಕವನಿದ್ದಾಗ ನನ್ನ ಅಪ್ಪನ ರೇಡಿಯೋಗೆ ಲೈಸೆನ್ಸ್ ಪುಸ್ತಕ ಇತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ಪೆಟ್ಟಿಗೆ ಇದ್ದರೆ ಪುಸ್ತಕ, ಪೆಟ್ಟಿಗೆ ಇಲ್ಲದಿದ್ದರೆ ಪುಸ್ತಕವೂ ಇಲ್ಲ. ಇದರಲ್ಲಿ ತಿಳಿಯದೇ ಇರುವುದು ಏನಿದೆ?

ಸಂಜೆ ಮಗಳ ಫೋನ್ ಬಂತು. ಅವಳು ಅಷ್ಟರಲ್ಲಿ ನಿಯಮವನ್ನೆಲ್ಲ ಓದಿ ಮುಗಿಸಿದ್ದಳು.

“ಪಪ್ಪ, ಇಲ್ಲಿ ಲೈಸೆನ್ಸ್ ಪೆಟ್ಟಿಗೆಗೆ ಅಲ್ಲ, ನೋಡುವುದಕ್ಕೆ. ಟಿ.ವಿ. ಇದ್ರೂ ಬೇಡ ಆಗ್ಬಹುದು, ಇಲ್ಲದಿದ್ರೂ ಬೇಕಾಗ್ಬಹುದು.”

“ಎಂತ ಮಾತಾಡ್ತೀ ನೀನು?”

“ಹಳೇ ಸಿನಿಮಾ, ಮುಗಿದುಹೋದ ಪ್ರೋಗ್ರಾಂ, ಬೇಕಾದಾಗ ಹಾಕಿ ನೋಡುವುದಕ್ಕೆ ಎಂತದೂ ಬೇಡ. ಇಲ್ಲಿನ ಸಾರ್ವಜನಿಕ ವಾಹಿನಿಯ ಆ್ಯಪ್ ಒಂದು ಬಿಟ್ಟು, ಅದಕ್ಕೆ ಯಾವಾಗ್ಲೂ ಬೇಕು. ಆದ್ರೆ ಟಿ.ವಿ.ಯಲ್ಲಿ ಬರುವುದನ್ನು ಅದೇ ಹೊತ್ತಿಗೆ ಲೈವ್ ನೋಡಿದ್ರೆ ಲೈಸೆನ್ಸ್ ಬೇಕು. ಮೊಬೈಲಾದ್ರೂ ಸೈ, ವಾಹಿನಿ ಯಾವ ದೇಶದ್ದಾದ್ರೂ ಸೈ.”

ಆಮೇಲೆ ಅವಳೇ, “ಕಂಬಳ ಲೈವ್ ಅಲ್ವಾ ಪಪ್ಪ” ಎಂದಳು.

ಆಗ ನನ್ನ ಸಂತೋಷ ಇಳಿದುಹೋಯಿತು. ನನ್ನ ಹೆಂಡತಿಯ ತಮ್ಮನಿಗೆ ಊರಿನಲ್ಲಿ ಒಂದು ಜೋಡಿ ಓಟದ ಕೋಣಗಳಿವೆ. ಕೆಸರುಗದ್ದೆಯ ಓಟವನ್ನು ನಮ್ಮ ಜಿಲ್ಲೆಯ ಕೇಬಲ್ ವಾಹಿನಿ ತೋರಿಸುತ್ತದೆ. ಅದೇ ಹೊತ್ತಿಗೆ ಇಂಟರ್‌ನೆಟ್ಟಿನಲ್ಲೂ ಬರುತ್ತದೆ. ಮಗಳು ನಾಲ್ಕು ವರ್ಷದವಳಿದ್ದಾಗಿನಿಂದ ನಾವಿಬ್ಬರೂ ಈ ಫ್ಲಾಟಿನ ಸೋಫಾದ ಮೇಲೆ ನಿಂತು ಆ ಕೋಣಗಳಿಗಾಗಿ ಬೊಬ್ಬೆ ಹೊಡೆದಿದ್ದೇವೆ. ಒಂದು ಓಟ ಅಂದರೆ ಹದಿಮೂರು ಸೆಕೆಂಡು. ಕೆಳಗಿನ ಮನೆಯ ಕೇರಳದವರು ಎರಡು ಸಲ ಮೇಲೆ ಬಂದು, ಏನಾದರೂ ಅಪಘಾತವಾಯಿತೇ ಎಂದು ವಿಚಾರಿಸಿ ಹೋಗಿದ್ದರು.

ಅವಳು ಹೋದ ಮೇಲೆ ನಮ್ಮಿಬ್ಬರ ನಡುವೆ ಉಳಿದದ್ದು ಆ ಹದಿಮೂರು ಸೆಕೆಂಡೇ. ತಾಯಿ ಮಗಳು ಗಂಟೆಗಟ್ಟಲೆ ಮಾತಾಡುತ್ತಾರೆ. ನನ್ನ ಕೈಗೆ ಫೋನ್ ಬಂದರೆ ಊಟ ಆಯ್ತಾ, ಚಳಿ ಉಂಟಾ ಅನ್ನುವಲ್ಲಿಗೆ ಖಲಾಸ್. ಇನ್ನೇನು ಕೇಳಬೇಕೆಂದು ನನಗೆ ಹೊಳೆಯುವುದಿಲ್ಲ, ಏನು ಹೇಳಬೇಕೆಂದು ಅವಳಿಗೂ ಹೊಳೆಯುವುದಿಲ್ಲ. ಆ ಚಳಿಗಾಲದ ಮೊದಲ ಕಂಬಳಗಳನ್ನು ನಾವು ಫೋನಿನಲ್ಲಿ ಒಬ್ಬರ ಬೊಬ್ಬೆ ಒಬ್ಬರು ಕೇಳಿಸಿಕೊಂಡು ನೋಡಿದ್ದೆವು. ಹಾಗೆ ಬೊಬ್ಬೆ ಹೊಡೆದ ಮೇಲೆ ಮಾತು ತಾನಾಗಿಯೇ ಬರುತ್ತಿತ್ತು. ಅದೂ ಹೋದರೆ ಮಗಳು ನನಗೆ ಹವಾಮಾನ ವರದಿ ಆಗಿಬಿಡುತ್ತಾಳೆ ಎಂದು ನಿಜವಾಗಿಯೂ ಹೆದರಿದೆ.

“ಲೈಸೆನ್ಸ್ ತೆಗೆದುಬಿಡು, ನಾನು ಕೊಡ್ತೇನೆ” ಎಂದೆ.

“ವರ್ಷಕ್ಕೆ ಹತ್ತು ಶನಿವಾರಕ್ಕೆ? ಬೇಡ ಪಪ್ಪ.”

“ಹಾಗಾದ್ರೆ ನಾನು ಇಲ್ಲಿ ಟಿ.ವಿ. ಎದುರು ಫೋನ್ ಹಿಡೀತೇನೆ. ನೀನು ನೋಡು.”

“ಅದು ಆಗ್ತದಾ ಇಲ್ವಾ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದು ಮಾಡುವುದಿಲ್ಲ.”

ಇದಕ್ಕೆ ನಾನು ಯಾರನ್ನೂ ಬೈಯುವ ಹಾಗಿರಲಿಲ್ಲ. ಶಾಲೆಯ ಟಿ.ಸಿ.ಗೂ ಮೂರು ಪ್ರತಿ ಮಾಡಿಸಿ ಇಡಬೇಕು ಎಂದು ಅವಳಿಗೆ ಕಲಿಸಿದವನು ನಾನೇ.

ಮರುದಿನ ಆಫೀಸಿನಲ್ಲಿ ಕೂತು ಆ ನಿಯಮಗಳನ್ನು ಸ್ವತಃ ಓದಿದೆ. ಅದರಲ್ಲಿ ಒಂದು ಸಾಲು ಸಿಕ್ಕಿತು. ಬೇರೆಡೆ ಉಳಿದು ಓದುವ ವಿದ್ಯಾರ್ಥಿಯ ತಂದೆತಾಯಿಯ ಮನೆಗೆ ಲೈಸೆನ್ಸ್ ಇದ್ದರೆ, ಆ ವಿದ್ಯಾರ್ಥಿ ಚಾರ್ಜರ್ ಚುಚ್ಚದೆ ಬ್ಯಾಟರಿಯಲ್ಲೇ ನಡೆಯುವ ಸಾಧನದಲ್ಲಿ ಲೈವ್ ನೋಡಬಹುದಂತೆ. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ನಮ್ಮ ಮನೆಗೆ ಲೈಸೆನ್ಸ್ ಇಲ್ಲ, ನಿಜ. ಆದರೆ ಈ ದೇಶದಲ್ಲಿ ಲೈಸೆನ್ಸೇ ಬೇಕಿಲ್ಲವಲ್ಲ! ಬೇಕಿಲ್ಲವೆಂದು ಒಂದು ಎನ್.ಒ.ಸಿ. ಮಾಡಿಸಿ, ಮೊಹರು ಹಾಕಿಸಿ ಕಳಿಸಿದರೆ ಆಯಿತು. ಗಲ್ಫಿನಲ್ಲಿ ಇಷ್ಟು ವರ್ಷ ಇದ್ದವನಿಗೆ ಎನ್.ಒ.ಸಿ.ಯಿಂದ ಬಗೆಹರಿಯದ ಸಮಸ್ಯೆ ಇದೆ ಎಂದು ಹೇಗೆ ತಾನೇ ಹೊಳೆಯಬೇಕು?

ಮಂದೂಬನನ್ನು ಕರೆದು ವಿಷಯ ತಿಳಿಸಿದೆ. ಅವನು ಹಿಂದಿಯಲ್ಲಿ ಮತ್ತೆ ಮತ್ತೆ ಕೇಳಿ ಖಚಿತ ಮಾಡಿಕೊಂಡ. ನಾನು ಟಿ.ವಿ. ನೋಡಲು ನನಗೆ ಯಾವ ಕಾಗದವೂ ಬೇಡ ಎಂಬುದಕ್ಕೆ ಒಂದು ಕಾಗದ ಬೇಕು, ಅಷ್ಟೇ ತಾನೇ ಎಂದ. ಹೌದು ಎಂದೆ. “ಅದನ್ನು ಯಾರು ಕೊಡ್ಬೇಕು? ಟಿ.ವಿ.ಯ ಕಫೀಲ್?” ಎಂದು, ನಮ್ಮ ವೀಸಾಕ್ಕೆ ಹೊಣೆ ನಿಲ್ಲುವ ಧಣಿಯ ಹಾಗೆ ಟಿ.ವಿ.ಗೂ ಒಬ್ಬನಿರುವಂತೆ ಕೇಳಿ, ತಲೆಯ ಕುಮ್ಮ ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟು ನಕ್ಕ. ನಗು ನಿಂತ ಮೇಲೆ, ಇಪ್ಪತ್ತಾರು ವರ್ಷ ಸಾಕು, ಯಲ್ಲಾ, ಒಂದು ತಿಂಗಳು ರಜೆ ಹಾಕು ಎಂದು ಬುದ್ಧಿ ಹೇಳಿದ.

ಮಗಳು ಇನ್ನೂ ಚುಟುಕಾಗಿ ಮುಗಿಸಿದಳು. ತಂದೆತಾಯಿಯ ಮನೆ ಅಂದರೆ ಆ ದೇಶದಲ್ಲೇ ಇರುವ, ಅಲ್ಲಿಯದೇ ಲೈಸೆನ್ಸ್ ಇರುವ ಮನೆಯಂತೆ. ಹಿತ್ತಲ ಗಿಡ ಮದ್ದಲ್ಲ ಎಂದು ನಾನು ಗೊಣಗಿದೆ.

“ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡು ಹೊರಟಿದ್ದೀರಿ” ಎಂದು ಹೆಂಡತಿ ಒಳಗಿನಿಂದಲೇ ಹೇಳಿದಳು. “ಓಟ ಮುಗಿದ ಮೇಲೆ ಅದರ ತುಂಡು ವಿಡಿಯೋ ಹಾಕ್ತಾರಲ್ಲ? ಅದಕ್ಕೆ ಲೈಸೆನ್ಸ್ ಬೇಡ ಅಂತ ಅವಳೇ ಹೇಳಿದ್ದಲ್ವಾ? ಇಬ್ರೂ ಒಟ್ಟಿಗೆ ಅದನ್ನು ಹಾಕಿ ನೋಡಿ.”

ಸಿಟ್ಟು ಬಂತು. ಇಷ್ಟು ಸುಲಭದ ದಾರಿ ನನಗೇ ಹೊಳೆಯಬೇಕಿತ್ತು. ಮಗಳು ಒಂದು ಷರತ್ತಿನ ಮೇಲೆ ಒಪ್ಪಿದಳು. ವಿಡಿಯೋ ಹಾಕುವ ತನಕ ಇಬ್ಬರೂ ಫಲಿತಾಂಶ ತಿಳಿದುಕೊಳ್ಳಬಾರದು.

ಮುಂದಿನ ಶನಿವಾರ ಮಧ್ಯಾಹ್ನ ಮೂರೂವರೆಗೆ ನಮ್ಮ ಜೋಡಿಯ ಓಟ. ಆರು ಗಂಟೆಗೆ ವಿಡಿಯೋ ನೋಡುವುದೆಂದು ತೀರ್ಮಾನ. ಆ ನಡುವಿನ ಎರಡೂವರೆ ಗಂಟೆಯಷ್ಟು ದೊಡ್ಡ ಕಾಲ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ. ಊರವರ ವಾಟ್ಸಾಪ್ ಗುಂಪುಗಳೇ ಹನ್ನೊಂದು ಇವೆ. ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟೆ. ಹೆಂಡತಿಯ ಫೋನ್ ಒಮ್ಮೆ ಹೊಡೆದುಕೊಂಡಿತು. ಅವಳು ಅದನ್ನು ಹಿಡಿದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ನಾನು ಅವಳ ಮುಖ ನೋಡದೆ ಕಿಟಕಿಯ ಕಡೆ ತಿರುಗಿದೆ.

ಮನೆಯಲ್ಲಿದ್ದರೆ ಅಪಾಯವೆಂದು ನೀರಿನ ಕ್ಯಾನ್ ತರುವ ನೆಪದಲ್ಲಿ ಕೆಳಗಿನ ಅಂಗಡಿಗೆ ಹೋದೆ. ಅಂಗಡಿಯ ಬ್ಯಾರಿ ಕಾಕ ನಮ್ಮ ತಾಲೂಕಿನವರೇ, ಕಂಬಳದ ಹುಚ್ಚಿನವರು. ಬೇರೊಬ್ಬರ ಕೋಣಗಳ ಕಡೆಯವರು ಬೇರೆ. ಬಾಗಿಲಿನಲ್ಲೇ ನಿಂತು, “ಕಾಕ, ಕಂಬಳದ ಸುದ್ದಿ ಒಂದೂ ಹೇಳ್ಬೇಡಿ” ಎಂದು ಕೈ ಮುಗಿದೆ.

ಅವರು ಹೇಳಲಿಲ್ಲ. ಆದರೆ ಗಲ್ಲಾದಿಂದ ಎದ್ದು ಬಂದು ನನ್ನ ನೀರಿನ ಕ್ಯಾನನ್ನು ತಾವೇ ಎತ್ತಿ ಲಿಫ್ಟಿನ ತನಕ ತಂದರು. “ಮನೆಯಲ್ಲಿ ಎಲ್ಲ ಸೌಖ್ಯವಾ?” ಎಂದು ಮೆತ್ತಗೆ ಕೇಳಿದರು. ಹನ್ನೆರಡು ವರ್ಷದಲ್ಲಿ ಈ ಮನುಷ್ಯ ನನಗೆ ಒಂದು ಚೀಲ ಎತ್ತಿಕೊಟ್ಟವರಲ್ಲ. ನಮ್ಮ ಜೋಡಿ ಗೆದ್ದಿದ್ದರೆ ಮುಖ ಗಂಟಿಕ್ಕಿ ಕೂತಿರುತ್ತಿದ್ದರು. ಸೋತಿದೆ ಎಂದು ಲಿಫ್ಟು ಮೇಲೇರುವ ಮೊದಲೇ ನನಗೆ ತಿಳಿಯಿತು.

ಮಗಳಿಗೆ ಹೇಳಬಾರದೆಂದು ನಿಶ್ಚಯಿಸಿದೆ. ಪಾಪ, ಅವಳು ಎರಡೂವರೆ ಗಂಟೆ ಫೋನ್ ಮುಟ್ಟದೆ ಕೂತಿರುತ್ತಾಳೆ, ಅವಳ ಆಸೆಗೆ ಕಲ್ಲು ಹಾಕುವುದು ಬೇಡ. ಹದಿಮೂರು ಸೆಕೆಂಡು ಅವಳಾದರೂ ನಂಬಿಕೆ ಇಟ್ಟು ನೋಡಲಿ.

ಆರು ಗಂಟೆಗೆ ಫೋನ್ ಹಚ್ಚಿದೆವು. ಅವಳ ಕಡೆ ಮಧ್ಯಾಹ್ನ ಎರಡು. “ಫಲಿತಾಂಶ ಗೊತ್ತಾಗಲಿಲ್ಲ ಅಲ್ವಾ?” ಎಂದು ಕೇಳಿದೆ. “ಇಲ್ಲಪ್ಪ. ನಿಮಗೆ?” ಎಂದಳು. ನಾನೂ ಇಲ್ಲವೆಂದೆ. ಒಂದು, ಎರಡು, ಮೂರು ಎಂದು ಎಣಿಸಿ ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿದೆವು. ಅವಳ ಕಡೆಯ ವಿವರಣೆಕಾರನ ದನಿಯೂ ನಮ್ಮ ಟಿ.ವಿ.ಯ ದನಿಯೂ ಒಂದೇ ಆಗಿ ಕೇಳಿಸಿತು. ನಾನು ಸೋಫಾ ಹತ್ತಿದೆ. ಹೆಂಡತಿಯೂ ಒಲೆ ಆರಿಸಿ ಬಂದು ನಿಂತಳು.

ಕೋಣಗಳು ಹೊರಟವು. ಕೆಸರು ನೀರು ಮೇಲಕ್ಕೆ ಚಿಮ್ಮಿತು. ನಾನು ಬೊಬ್ಬೆ ಹೊಡೆದೆ, ಹೆಂಡತಿ ಬೊಬ್ಬೆ ಹೊಡೆದಳು, ಫೋನಿನಲ್ಲಿ ಮಗಳ ಬೊಬ್ಬೆ ನಮ್ಮಿಬ್ಬರಿಗಿಂತ ಜೋರಾಗಿತ್ತು. ಅರ್ಧ ದಾರಿಯಲ್ಲಿ ನಮ್ಮ ಜೋಡಿ ಒಂದು ಮೈಯಷ್ಟು ಮುಂದಿತ್ತು. ಸೋಲಿನ ಸುಳಿವೇ ಇಲ್ಲ. ಕಾಕನ ಮುಖ ನಾನೇ ತಪ್ಪಾಗಿ ಓದಿದೆನೇನೋ ಅನ್ನಿಸಿತು.

ಆಗ ಫೋನಿನಲ್ಲಿ ಬೊಬ್ಬೆ ನಿಂತಿತು.

“ಪಪ್ಪ, ನೀವು ಬೇಜಾರು ಮಾಡ್ಬೇಡಿ ಆಯ್ತಾ” ಎಂದಳು ಮಗಳು, ಚಿಕ್ಕ ಮಗುವಿಗೆ ಹೇಳುವಂತೆ.

ಪರದೆಯ ಮೇಲೆ ನಮ್ಮ ಕೋಣಗಳು ಇನ್ನೂ ಮುಂದೆಯೇ ಓಡುತ್ತಿದ್ದವು. ನಾನು ಹೆಂಡತಿಯನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಸೋತದ್ದು ಇಬ್ಬರಿಗೂ ಮೊದಲೇ ಗೊತ್ತಿತ್ತು.

“ಮುಗೀಲಿಲ್ಲ ಇನ್ನೂ” ಎಂದೆ. “ಬೊಬ್ಬೆ ಹೊಡಿ ಮಗಾ.”

ಹೊಡೆದಳು.