ಹೊರಬೀಡಿನ ದಿನ ಮರೆತ ಉಪ್ಪು

ಶಿಕಾರಿಪುರದ ಕಾಲೇಜೊಂದರಲ್ಲಿ ನಾನು ಸಮಾಜಶಾಸ್ತ್ರದ ಮೇಷ್ಟ್ರು. ಧರ್ಮ ಜನರನ್ನು ಒಂದುಗೂಡಿಸುತ್ತದೆ ಎಂದು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆಯುತ್ತೇನೆ, ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಂಡು ಮನೆಗೆ ಬರುತ್ತೇನೆ. ಆದರೆ ಆನವಟ್ಟಿ ಹತ್ತಿರದ ನಮ್ಮೂರಿನಲ್ಲಿ ಸ್ವಂತ ಅಣ್ಣನೊಂದಿಗೇ ಮಾತು ಬಿಟ್ಟು ಆರು ವರ್ಷವಾಗಿತ್ತು. ಜಮೀನು ಅಳೆದು ಹದ್ದುಬಸ್ತು ಮಾಡಿದ ದಿನ ಒಂದು ಬದುವಿಗಾಗಿ ಆಡಬಾರದ್ದನ್ನೆಲ್ಲ ಆಡಿಕೊಂಡಿದ್ದೆವು. ಮಾತಾಡಿಸಬೇಕೆಂಬ ಆಸೆ ಮನಸ್ಸಿನ ತುಂಬ ಇತ್ತು. ಮೊದಲು ಬಾಯಿ ತೆರೆಯಲು ನನ್ನ ಸೊಕ್ಕು ಬಿಡುತ್ತಿರಲಿಲ್ಲ.

ಹೋದ ವರ್ಷ ಊರಲ್ಲಿ ಹೊರಬೀಡು ಸಾರಿದರು. ಅವತ್ತು ಹೊತ್ತು ಮೂಡುವ ಮುಂಚೆ ಎಲ್ಲರೂ ಮನೆಗೆ ಬೀಗ ಹಾಕಿ, ದನಕರು ಸಮೇತ ಊರು ಬಿಡಬೇಕು. ಅಡುಗೆ, ಊಟ ಎಲ್ಲ ಹೊಲದಲ್ಲೇ. ಊರ ಬಾಗಿಲಿಗೆ ಮುಳ್ಳು ಹಚ್ಚುತ್ತಾರೆ. ಸಂಜೆ ಊರಮ್ಮನ ಪೂಜೆಯಾಗುವ ತನಕ ಒಳಗೆ ಯಾರೂ ಕಾಲಿಡುವಂತಿಲ್ಲ. ಸರ್ಕಾರದ ನೋಟಿಸಿಗೆ ಸೊಪ್ಪು ಹಾಕದ ನಮ್ಮ ಜನ ಇದೊಂದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಪಾಠಕ್ಕೊಂದು ಉದಾಹರಣೆ ಸಿಕ್ಕಿತೆಂದು ನಾನೂ ಹೆಂಡತಿಯೊಂದಿಗೆ ಹೊಲಕ್ಕೆ ಹೊರಟೆ.

ನಮ್ಮ ಹೊಲದಲ್ಲಿ ನೆರಳೆಂದರೆ ಒಂದೇ ಹುಣಸೆಮರ, ಅದೂ ಆ ಹಾಳು ಬದುವಿನ ಮೇಲೆ. ಮರದ ಆ ಕಡೆ ಅಣ್ಣನ ಒಲೆ, ಈ ಕಡೆ ನಮ್ಮದು. ಬೇಳೆ ಬೆಂದ ಮೇಲೆ ಹೆಂಡತಿ ಚೀಲವೆಲ್ಲ ತಡಕಿ, ಉಪ್ಪೇ ತಂದಿಲ್ಲವಲ್ಲ ಎಂದಳು. ಬೇರೆ ದಿನವಾಗಿದ್ದರೆ ಬೈಕ್ ಹತ್ತಿ ಐದು ನಿಮಿಷದಲ್ಲಿ ತರುತ್ತಿದ್ದೆ. ಅವತ್ತು ಊರೊಳಗೆ ಹೋಗುವಂತಿಲ್ಲ, ಹತ್ತಿರ ಇದ್ದದ್ದು ಅಣ್ಣನ ಒಲೆಯೊಂದೇ. ಜಗಳ ಆಡಿದವರು ನೀವು, ಕೇಳುವವರೂ ನೀವೇ ಎಂದು ಅವಳು ಒಲೆಯ ಕಡೆ ತಿರುಗಿ ಕೂತಳು.

ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಹತ್ತು ಸಲ ಗಂಟಲು ಸರಿಮಾಡಿಕೊಂಡೆ.

"ಅಣ್ಣ, ಚೂರು ಉಪ್ಪು ಬೇಕಿತ್ತು."

ಅಣ್ಣ ಮುಖ ನೋಡದೆ ಉಪ್ಪಿನ ಡಬ್ಬಿ ತೆಗೆದ. ಕೈ ಚಾಚಿದೆ. ಅವನು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡ. ಅವಮಾನದಿಂದ ಮೈ ಉರಿದು, ಸಪ್ಪೆ ಸಾರನ್ನೇ ಉಣ್ಣುತ್ತೇನೆಂದು ತಿರುಗಿದೆ.

"ತಡಿಯೋ," ಎಂದ ಅಣ್ಣ, ಡಬ್ಬಿಯನ್ನು ಬದುವಿನ ಮೇಲೆ ಇಡುತ್ತಾ. "ಉಪ್ಪು ಕೈಯಾಗೆ ಕೊಡಬಾರದು, ಜಗಳ ಆಗ್ತತಿ. ಇಲ್ಲಿ ಇಟ್ಟೀನಿ, ತಗೋ."

ಆರು ವರ್ಷ ಮುಖ ತಿರುಗಿಸಿಕೊಂಡಿದ್ದವನಿಗೆ, ನಮ್ಮಿಬ್ಬರ ನಡುವೆ ಎಲ್ಲಿ ಜಗಳವಾಗಿಬಿಡುತ್ತದೋ ಎಂಬ ಭಯ. ನನಗೆ ನಗು ಬಂತು, ಕಣ್ಣೂ ತುಂಬಿತು. ಕ್ಲಾಸಿನಲ್ಲಾದರೆ ಇದನ್ನು ಮೂಢನಂಬಿಕೆ ಎಂಬ ತಲೆಬರಹದ ಕೆಳಗೆ ಬರೆಸುತ್ತಿದ್ದೆ.

ಊಟಕ್ಕೆ ಎರಡೂ ಮನೆಯವರು ಮರದ ಒಂದೇ ಕಡೆ ಕೂತೆವು. ಗಡಿಬಿಡಿಯಲ್ಲಿ ನಮ್ಮ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಅಣ್ಣ ಎರಡು ಸಲ ಹಾಕಿಸಿಕೊಂಡು ಉಂಡ.