ಅವರವರ ಪಾಲಿನ ಸುಣ್ಣ

ಹೆಂಡತಿ ತೀರಿಕೊಂಡ ಮೇಲೆ ನಾನು ಕುಂಚ ಮುಟ್ಟಿರಲಿಲ್ಲ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ನನಗೆ ಕೊಪ್ಪಳದ ಮನೆಯಲ್ಲಿ ಜೊತೆಗಿದ್ದದ್ದು ಟಿವಿ ಒಂದೇ. ಅದು ಬರೀ ತನ್ನದೇ ಹೇಳುತ್ತಿತ್ತು, ನನ್ನ ಮಾತು ಕೇಳುತ್ತಿರಲಿಲ್ಲ. ಒಂದು ದಿನ ತಲೆ ಕೆಟ್ಟು, ಸಿಕ್ಕ ಬಸ್ಸು ಹತ್ತಿ, ಅಳವಂಡಿಯ ಆಚೆ ಒಂದು ಸಣ್ಣ ಊರಿನಲ್ಲಿ ಇಳಿದುಬಿಟ್ಟೆ. ಜೋಳದ ಹೊಲಗಳ ಅಂಚಿಗೆ ಕಲ್ಲಿನ ಹಳೆಯ ಚರ್ಚು ಕಂಡಿತು. ಮೂಲೆಯಲ್ಲಿ ದೊಡ್ಡ ಬಿರುಕು. ಆದರೂ ಗಟ್ಟಿಯಾಗಿ ನಿಂತಿತ್ತು. ಇದರ ಚಿತ್ರ ಬಿಡಿಸಬೇಕು ಅನ್ನಿಸಿತು. ಇದು ನಿಂತಿದೆಯಾದರೆ ನಾನೂ ನಿಲ್ಲಬಹುದು ಎಂಬ ಆಸೆ, ಅಷ್ಟೇ.

ಚರ್ಚಿನ ಕೀಲಿ ಪಕ್ಕದ ಮನೆಯ ಮುದುಕಿಯ ಬಳಿ ಇರುತ್ತಿತ್ತು. ಊರಲ್ಲಿ ಉಳಿದ ಕ್ರೈಸ್ತರ ಮನೆ ಅದೊಂದೇ. ಮಿಕ್ಕವರೆಲ್ಲ ದುಡಿಯಲು ಹೊಸಪೇಟೆ, ಗದಗ ಎಂದು ಹೋಗಿದ್ದರು. ನಾನು ಭಾನುವಾರ ಭಾನುವಾರ ಅಲ್ಲಿಗೆ ಹೋಗತೊಡಗಿದೆ. ಆಕೆ ಚಹಾ ತಂದುಕೊಟ್ಟು ಬೈಯುತ್ತಿದ್ದಳು.

"ಬಿಸಲಾಗ ಕುಂತು ಸಾಯ್ತೀರೇನ್ರಿ ಮಾಸ್ತರ? ನೆರಳಿಗೆ ಬರ್ರಿ."

ಇಡೀ ವಾರದಲ್ಲಿ ನನ್ನನ್ನು ಬೈಯುವವರು ಅವಳೊಬ್ಬಳೇ. ನಿಜ ಹೇಳಬೇಕೆಂದರೆ, ಆ ಬೈಗುಳಕ್ಕಾಗಿಯೇ ಹೋಗುತ್ತಿದ್ದೆ.

ಚರ್ಚಿನ ಗೋಡೆ ಮಾತ್ರ ವಿಚಿತ್ರವಾಗಿತ್ತು. ಬಾಗಿಲ ಅಗಲದಷ್ಟು ಜಾಗ ಬೆಳ್ಳಗಿತ್ತು, ಉಳಿದದ್ದೆಲ್ಲ ಮಾಸಿ ಕಪ್ಪಾಗಿತ್ತು. ಕ್ರಿಸ್‌ಮಸ್ಸಿಗೆ ಒಂದೊಂದು ಮನೆಯವರು ಗೋಡೆಯ ಒಂದೊಂದು ಪಾಲಿಗೆ ಸುಣ್ಣ ಹಚ್ಚುವುದು ಅಲ್ಲಿಯ ರೂಢಿಯಂತೆ. ಬೆಳ್ಳಗಿದ್ದದ್ದು ಅವಳ ಪಾಲು.

"ಉಳದದ್ದಕ್ಕೂ ಹಚ್ಚಿಬಿಡಬಾರ್ದೇನ ಯಮ್ಮಾ?" ಎಂದೆ.

"ಅದ್ಹೆಂಗ್ರಿ? ಅವರ ಪಾಲು ನಾ ಹಚ್ಚಿದ್ರ, ಇನ್ನ ನೀವು ಬರೂದು ಬ್ಯಾಡ ಅಂದಂಗ ಆಗತೈತಿ."

ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಚಿತ್ರವನ್ನು ಹಬ್ಬಕ್ಕೆ ಅವಳಿಗೆ ಕೊಡಬೇಕು, ಅವಳು ಛಲೋ ಐತಿ ಅನ್ನಬೇಕು. ನನಗೆ ಬೇಕಾಗಿದ್ದದ್ದು ಆ ಒಂದು ಮಾತು. ಹೆಂಡತಿ ಹೋದ ಮೇಲೆ ನನ್ನ ಚಿತ್ರ ನೋಡುವವರೇ ಇರಲಿಲ್ಲ. ಮನೆಯಲ್ಲಿ ಕೂತು ಮುಗಿಸುವಾಗ, ಹಬ್ಬದ ಉಡುಗೊರೆಯಲ್ಲವೇ, ಕಪ್ಪು ಯಾಕೆ ಎಂದುಕೊಂಡು ಗೋಡೆಯನ್ನೆಲ್ಲ ಬೆಳ್ಳಗೆ ಮಾಡಿದೆ.

ಹಬ್ಬದ ಹಿಂದಿನ ದಿನ ಒಯ್ದು ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಚಿತ್ರ ಹಿಡಿದಳು. ಮುಖ ಅರಳಿತು.

"ಇದರಾಗ ಎಲ್ಲಾರೂ ಬಂದಾರೇನ್ರಿ?"

ಅವಳು ಚಿತ್ರದ ಗೋಡೆಯ ಮೇಲೆ ಬೆರಳಾಡಿಸುತ್ತ, ಇದು ನಮ್ಮ ಮೈದುನಂದು, ಇದು ಹಿರೇ ಮಗಂದು ಎಂದು ತೋರಿಸುತ್ತ ಹೋದಳು. ಕೊನೆಯ ಮೂಲೆಗೆ ಬರುವಷ್ಟರಲ್ಲಿ ದನಿ ಇಳಿದಿತ್ತು. ಸ್ವಲ್ಪ ಹೊತ್ತು ನೋಡಿ, ಚಿತ್ರವನ್ನು ನನ್ನ ಕೈಗೇ ಕೊಟ್ಟಳು.

"ಛಲೋ ಐತ್ರಿ ಮಾಸ್ತರ. ಆದ್ರ ಇದನ್ನ ಮನ್ಯಾಗ ಹಾಕ್ಕೊಂಡ್ರ, ನಾ ಯಾರ ದಾರಿ ನೋಡ್ಲಿ?"

ಕೊಪ್ಪಳದ ಬಸ್ಸಿನಲ್ಲಿ ಚಿತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಬೇಕಾಗಿದ್ದ ಮಾತು ಸಿಕ್ಕಿತ್ತು. ಅವಳ ಬಗ್ಗೆ ಮರುಕ ಹುಟ್ಟಬೇಕಿತ್ತು, ಹುಟ್ಟಿದ್ದು ಹೊಟ್ಟೆಕಿಚ್ಚು. ದಾರಿ ನೋಡುವುದಕ್ಕೆ ಅವಳಿಗೆ ಒಂದು ಗೋಡೆಯಷ್ಟು ಜನ ಇದ್ದರು.